ಮೂರನೆಯ ಪೊಟ್ಟಣ

ಹೊರಗೆ ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿಲು ನೆಟ್ಟಗೆ ನಿಂತಿರುವಾಗಲೇ ಮನೆಯೊಳಗೆ ಬ್ಲೈಂಡುಗಳನ್ನೆಲ್ಲ ಇಳಿಸಿ ಕತ್ತಲೆ ಮಾಡಲಾಗಿತ್ತು. ಆ ಸುಳ್ಳು ಕತ್ತಲೆಯಲ್ಲಿ ಗಿರಿಧರ್ ಗೋಡೆಯ ಮೇಲೆ ಸಮುದ್ರವನ್ನು ತಂದು ಬಿಟ್ಟ. ಗೋಡೆ ಖಾಲಿ ಇರಲೆಂದು ಮಗಳು ಅನಿಕಾಳ ಕಾನ್ವೊಕೇಶನ್ ಫೋಟೋವನ್ನೂ ತಂಜಾವೂರಿನ ಕೃಷ್ಣನನ್ನೂ ಬೆಳಗ್ಗೆಯೇ ಇಳಿಸಿಟ್ಟಿದ್ದ. ಮೊಳೆಗಳನ್ನು ಮಾತ್ರ ಕಿತ್ತಿರಲಿಲ್ಲ. ಹೀಗಾಗಿ ಹವಾಯಿಯ ನೀಲಿ ನೀರಿನ ನಡುವೆ ಎರಡು ಮೊಳೆಗಳು ಕಾಣುತ್ತಿದ್ದವು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅವನ ಹೆಂಡತಿ ನಳಿನಿಗೆ ಸಮುದ್ರಕ್ಕಿಂತ ಆ ಮೊಳೆಗಳೇ ಹೆಚ್ಚು ನಿಜವಾಗಿ ಕಂಡವು. ಯಾರು ಎಲ್ಲಿಗೆ ಪ್ರವಾಸ ಹೋಗಿ ಬಂದರೂ ಒಂದು ಶನಿವಾರ ಗೆಳೆಯರನ್ನು ಕರೆದು ಊಟ ಹಾಕಿ ಫೋಟೋ ತೋರಿಸಬೇಕು ಎನ್ನುವುದು ಇವರ ಗುಂಪಿನಲ್ಲಿ ಯಾರೂ ಮಾಡದೆ ತಾನಾಗಿ ಆದ ಕಾನೂನು. ಬಿಸಿಬೇಳೆಬಾತಿನ ಆಸೆಗೆ ಜನ ಇನ್ನೊಬ್ಬರ ಗ್ರ್ಯಾಂಡ್ ಕ್ಯಾನ್ಯನ್ನನ್ನು ಎರಡು ಗಂಟೆ ಸಹಿಸಿಕೊಳ್ಳುತ್ತಿದ್ದರು. ನಳಿನಿಯೂ ಎಷ್ಟೋ ಜನರ ನಯಾಗರಾಗಳ ಎದುರು ತೂಕಡಿಸಿದ್ದಳು. ಇವತ್ತು ಮಾತ್ರ ತೂಕಡಿಕೆಯ ಪ್ರಶ್ನೆಯೇ ಇರಲಿಲ್ಲ. ಗಿರಿಧರ್ ಒತ್ತುತ್ತಿದ್ದ ಪ್ರೊಜೆಕ್ಟರಿನ ಗುಂಡಿಯ ಒಂದೊಂದು ಸದ್ದಿಗೂ ಅವಳು ಲೆಕ್ಕ ಹಾಕುತ್ತಿದ್ದಳು: ಆ ಫೋಟೋ ಇನ್ನೂ ಎಷ್ಟು ದೂರ ಇದೆ?

ಅಮೆರಿಕದ ದೊಡ್ಡ ವಿಮಾನ ನಿಲ್ದಾಣವೊಂದಕ್ಕೆ ಅಂಟಿಕೊಂಡ ಯೂಲೆಸ್‌ನ ಈ ಮನೆಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತವೆ. ಇಪ್ಪತ್ತು ವರ್ಷದಲ್ಲಿ ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿತ್ತು. ಹವಾಯಿಯಿಂದ ಬಂದ ಮೇಲೆ ಮಾತ್ರ ಮತ್ತೆ ಕೇಳಿಸತೊಡಗಿದೆ. ಒಂದೊಂದು ವಿಮಾನ ತಲೆಯ ಮೇಲೆ ಹಾದಾಗಲೂ ಯಾರೋ ಅಲ್ಲಿಂದ ಬಂದರು ಎನಿಸುತ್ತದೆ. ಏನನ್ನೋ ಕೇಳಿಕೊಂಡು ಬಂದರು, ಬಾಗಿಲು ತಟ್ಟುತ್ತಾರೆ ಎನಿಸುತ್ತದೆ. ಹಾಗೇನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತು. ಬುದ್ಧಿ ಕೆಟ್ಟಿಲ್ಲ. ಆದರೆ ಪಕ್ಕದ ಕೋಣೆಯ ದೇವರ ಮಂಟಪದಲ್ಲಿ, ಬೆಳ್ಳಿಯ ಗಣಪತಿಗೂ ಕುಂಕುಮದ ಬಟ್ಟಲಿಗೂ ನಡುವೆ, ಒಣಗಿ ಕಂದಾಗುತ್ತಿರುವ ಎಲೆಯ ಪೊಟ್ಟಣವೊಂದು ಕೂತಿದೆ. ಮೂರು ವಾರದಿಂದ ಅವಳು ಗಣಪತಿಗೆ ಹೂವಿಡುವಾಗ ಆ ಕಡೆ ನೋಡುವುದಿಲ್ಲ.

"ಇದು ಪರ್ಲ್ ಹಾರ್ಬರ್ರು," ಎಂದ ಗಿರಿಧರ್. ಮೂವತ್ತು ವರ್ಷ ರೋಗಿಗಳಿಗೆ ಅರಿವಳಿಕೆ ಕೊಟ್ಟವನು. ಅವನ ದನಿಗೇ ಅರ್ಧ ನಿದ್ದೆ ಬರುತ್ತದೆಂದು ಗೆಳೆಯರು ಚೇಷ್ಟೆ ಮಾಡುತ್ತಿದ್ದರು. "ಹಡಗು ಕೆಳಗೇ ಇದೆ. ಅರವತ್ತು ವರ್ಷ ಆಯ್ತು, ಇನ್ನೂ ಅದರಿಂದ ಎಣ್ಣೆ ತೊಟ್ಟು ತೊಟ್ಟಾಗಿ ಮೇಲಕ್ಕೆ ಬರ್ತಾನೇ ಇರತ್ತೆ, ನೋಡಿ." ಗೋಡೆಯ ಮೇಲೆ ನೀರಿನಲ್ಲಿ ಬಣ್ಣಬಣ್ಣದ ಒಂದು ಉಂಗುರ ಅಗಲವಾಗಿತ್ತು. ಸೋಫಾದ ಮೂಲೆಯಿಂದ ಸುಮಿತ್ರವ್ವನ ದನಿ ಬಂತು: "ಒಳಗ ಮಂದಿ ಅದಾರೇನ್ರಿ ಇನ್ನೂ?" ಇದ್ದಾರೆ, ಹೊರಗೆ ತೆಗೆದೇ ಇಲ್ಲ ಎಂದ ಗಿರಿಧರ್. "ಹಂಗಾರ ಅದು ಗೋರಿ ಅಲ್ರಿ. ಗೋರಿ ಮ್ಯಾಲೆ ನಿಂತು ಫೋಟೋ ತಗಸ್ಕೊಂಡೀರಿ," ಎಂದಳು ಮುದುಕಿ. ಎಲ್ಲರೂ ನಕ್ಕರು. ಗಿರಿಧರನೂ ನಕ್ಕ. ನಳಿನಿ ಒಳಗೆ ಹೋಗಿ, ಆರಿಸುವ ಅಗತ್ಯವಿಲ್ಲದ ಒಲೆಯನ್ನು ಆರಿಸಿ, ಮತ್ತೆ ಹಚ್ಚಿದಳು.

ಸುಮಿತ್ರವ್ವ ಹತ್ತಿರದ ಊರು ಲೂಯಿಸ್‌ವಿಲ್‌ನ ನಾಗರಾಜನ ತಾಯಿ. ಸೊಸೆ ರಜನಿಯ ಬಾಣಂತನಕ್ಕೆಂದು ಧಾರವಾಡದಿಂದ ಬಂದು ಹದಿನೈದು ದಿನವಾಗಿತ್ತು. ಕತ್ತಲಲ್ಲೂ ಅವಳ ಕೈ ಸುಮ್ಮನಿರಲಿಲ್ಲ. ಹಳದಿ ಉಣ್ಣೆಯ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಗಳನ್ನು ಆಡಿಸುತ್ತಲೇ ಇದ್ದಳು. "ಕೂಸಿನ ತಲಿಗೆ ಕುಲಾಯಿ ಹೆಣಿಯಾಕತ್ತೇನ್ರಿ," ಎಂದು ಬಂದ ಕೂಡಲೇ ನಳಿನಿಗೆ ವರದಿ ಒಪ್ಪಿಸಿದ್ದಳು. "ಹೋದ ವರ್ಷ ಒಂದು ಹಸರುದು ಹೆಣದು ಕಳಿಸಿದ್ದೆ. ಛಲೋ ಆಗಿತ್ತು. ಈಕಿ ಎಲ್ಲಿ ಇಟ್ಟಾಳೋ ಏನೋ, ಕೇಳಿದರ ಸಿಗವಲ್ದು ಅಂತಾಳ. ಇಷ್ಟ್ ದೊಡ್ಡ ಮನ್ಯಾಗ ಒಂದು ಕುಲಾಯಿ ಕಳೀತೈತಿ ನೋಡ್ರಿ." ರಜನಿ ಆಗ ಚಪ್ಪಲಿ ಬಿಡುತ್ತಿದ್ದಳು. ಏಳು ತಿಂಗಳ ಹೊಟ್ಟೆಯಿಂದ ಬಗ್ಗಲಾಗದೆ ಗೋಡೆಗೆ ಕೈಯೂರಿ, ಅತ್ತೆಯ ಮಾತು ಬೇರೆ ಯಾರದೋ ಬಗ್ಗೆ ಎಂಬಂತೆ, ಕಾಲಿನಿಂದಲೇ ಚಪ್ಪಲಿ ಜೋಡಿಸಿದ್ದಳು.

ಹೋದ ವರ್ಷದ ಬಸಿರು ಆರನೆಯ ತಿಂಗಳಲ್ಲಿ ಹೋಯಿತು. ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ತಿಳಿಸಾರು ತೆಗೆದುಕೊಂಡು ಹೋದವಳು ನಳಿನಿಯೇ. ರಜನಿ ಮೈಸೂರಿನ ಹುಡುಗಿ, ಲಾಸ್ ಕೊಲಿನಾಸ್‌ನಲ್ಲಿ ಕೆಲಸ, ಇಲ್ಲಿ ತನ್ನವರೆಂದು ಯಾರೂ ಇಲ್ಲ. ಗುಂಪಿನಲ್ಲಿ ಯಾರ ಮನೆಯಲ್ಲಿ ಏನಾದರೂ ಮೊದಲು ಫೋನ್ ಬರುವುದು ನಳಿನಿ ಆಂಟಿಗೆ. ಗೌರಿಯ ದಾರಕ್ಕೆ ಎಷ್ಟು ಗಂಟು, ಗೃಹಪ್ರವೇಶಕ್ಕೆ ಹಸುವಿಲ್ಲದಿದ್ದರೆ ಏನು ಮಾಡಬೇಕು, ಸೂತಕ ಸಮುದ್ರ ದಾಟಿ ಬರುತ್ತದೋ ಇಲ್ಲವೋ, ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು. ಇಲ್ಲದಿದ್ದರೂ ಇದ್ದಂತೆ ಹೇಳುವ ದನಿ ಇತ್ತು. ಆವತ್ತು ರಜನಿ ಸಾರನ್ನು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ್ದಳು: "ಆಂಟಿ, ಇದಕ್ಕೆ ನಮ್ಮಲ್ಲಿ ಏನಾದ್ರೂ ಮಾಡ್ತಾರಾ?" ನಳಿನಿ ಒಂದು ಕ್ಷಣವೂ ಯೋಚಿಸಿರಲಿಲ್ಲ. "ಇಷ್ಟು ಚಿಕ್ಕದಕ್ಕೆ ಏನೂ ಇಲ್ಲಮ್ಮ. ಮರೆತುಬಿಡು. ಮುಂದಿನ್ದು ಚೆನ್ನಾಗಿರತ್ತೆ." ಶಾಸ್ತ್ರ ಸರಿಯಾಗಿಯೇ ಇತ್ತು. ಮನೆಗೆ ಬಂದು ಫ್ಲಾಸ್ಕನ್ನು ತೊಳೆಯುವಾಗ, ಸರಿಯಾದ ಉತ್ತರ ಕೊಟ್ಟ ತೃಪ್ತಿಯೂ ಇತ್ತು.

ಗೋಡೆಯ ಮೇಲೆ ಈಗ ಹೊನೊಲುಲುವಿನ ಅರಮನೆ. ಕಂಬಗಳ ಜಗುಲಿ, ಹುಲ್ಲುಹಾಸು, ಬೂಟಿನ ಮೇಲೆ ಬಟ್ಟೆಯ ಚೀಲ ಹಾಕಿಕೊಂಡು ಒಳಗೆ ಹೋಗುತ್ತಿರುವ ಜನ. ಅಲ್ಲಿಯ ಕೊನೆಯ ರಾಣಿಯನ್ನು ಅಮೆರಿಕದ ಸಾಹುಕಾರರು ಪಟ್ಟದಿಂದ ಇಳಿಸಿ ಅವಳದೇ ಅರಮನೆಯ ಮಹಡಿಯ ಒಂದು ಕೋಣೆಯಲ್ಲಿ ಕೂಡಿಹಾಕಿದ ಕಥೆಯನ್ನು ಗಿರಿಧರ್ ಹೇಳುತ್ತಿದ್ದ. ಸಕ್ಕರೆಯ ವ್ಯಾಪಾರ, ಕಬ್ಬಿನ ತೋಟ, ಬಂದೂಕು. ನಳಿನಿಗೆ ಅದೊಂದೂ ನೆನಪಿರಲಿಲ್ಲ. ನೆನಪಿದ್ದದ್ದು ಆ ಕೋಣೆಯ ಬೆಳಕು. ಕಿಟಕಿಗಳಿಗೆಲ್ಲ ತೆಳುವಾದ ಬಿಳಿ ಬಳಿದು, ಹಗಲು ಹಾಲಿನ ಹಾಗೆ ಒಳಗೆ ಬರುತ್ತಿತ್ತು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ, ಸೆರೆಯಲ್ಲಿದ್ದ ರಾಣಿ ಹೊಲಿದ ಕೌದಿ. ರೇಷ್ಮೆಯ ಚೂರು, ರಿಬ್ಬನ್ನಿನ ಚೂರು, ಯಾವುದೋ ಹಳೆಯ ಉಡುಪಿನ ಚೂರು. ಸೆರೆಮನೆಯಲ್ಲಿ ಕೂತು ಹೆಂಗಸು ಇನ್ನೇನು ಮಾಡುತ್ತಾಳೆ, ಹೊಲಿಯುತ್ತಾಳೆ ಎಂದುಕೊಂಡು ಅವಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದಳು. ಒಂದು ಹೊಲಿಗೆ ವಕ್ರವಾಗಿತ್ತು. ಅದನ್ನು ಕಂಡು ಯಾಕೋ ಕಣ್ಣು ತುಂಬಿ ಬಂದು, ಗಿರಿಧರನಿಗೆ ಕಾಣದಿರಲೆಂದು ಮುಖ ತಿರುಗಿಸಿದ್ದಳು. "ತನ್ನದನ್ನೆಲ್ಲ ಕಸ್ಕೊಂಡ್ರೂ ಚೂರು ಕೂಡಿಸ್ಕೊಂತ ಕುಂತಳು," ಎಂದಳು ಸುಮಿತ್ರವ್ವ ಕಡ್ಡಿ ನಿಲ್ಲಿಸಿ. "ಕೇಳಲಾರದ ತಗೊಂಡವರು ಉದ್ಧಾರ ಆಗಂಗಿಲ್ರಿ." ನಾಗರಾಜ ನಗುತ್ತ, "ಅವ್ವಾ, ಅವರ ಊರಾಗೇ ಕುಂತು ಮಾತಾಡಾಕತ್ತೀ," ಎಂದ. ಎಲ್ಲರೂ ಮತ್ತೆ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ನಳಿನಿ ಎಷ್ಟು ಜನಕ್ಕೆ ಹೇಳಿ ನಕ್ಕಿದ್ದಳೋ. ಈಗ ಅವಳ ಕೈ ನಿಜವಾಗಿಯೂ ಸೆರಗನ್ನು ಸರಿಮಾಡಿಕೊಳ್ಳುತ್ತಿತ್ತು.

ಹವಾಯಿಯ ದೊಡ್ಡ ದ್ವೀಪಕ್ಕೆ ಹೋದದ್ದು ಅರಮನೆ ನೋಡಿದ ಮರುದಿನ. ಕರಿಕಲ್ಲಿನ ನೆಲ, ಅದರಾಚೆಗೆ ನೀರು, ಬೇರೇನೂ ಇಲ್ಲದ ಒಂದು ದಡ. ಹಿಂದಿನ ಕಾಲದವರು ಸುಣ್ಣ ಗಾರೆ ಯಾವುದೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಎತ್ತರದ ಜಗುಲಿ. ಅದು ಅವರ ದೇವಸ್ಥಾನವಂತೆ. ಬಾಗಿಲಿಲ್ಲ, ಗೋಪುರವಿಲ್ಲ, ಗಂಟೆಯಿಲ್ಲ. ಗಿರಿಧರ್ ಅನಿಕಾ ಕೊಡಿಸಿದ್ದ ಹೊಸ ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡು ಎಲ್ಲೆಲ್ಲೋ ಹೋಗುತ್ತಿದ್ದ. ನಳಿನಿ ಒಬ್ಬಳೇ ನಿಂತಳು. ಗಾಳಿ ಒಂದೇ ಸಮನೆ ಬೀಸಿ ಬೀಸಿ, ಅದು ಬೀಸುತ್ತಿದೆ ಎನ್ನುವುದೇ ಮರೆತುಹೋಗುವಂತಿತ್ತು. ತಾನು ಎಲ್ಲಿದ್ದೇನೆ, ಇದು ಯಾವ ಊರು, ತನಗೆಷ್ಟು ವಯಸ್ಸು, ಎಲ್ಲ ಸ್ವಲ್ಪ ದೂರ ಸರಿದು ನಿಂತವು. ನಂಜನಗೂಡಿನಲ್ಲಿ ಅಮ್ಮನ ಸೆರಗು ಹಿಡಿದು ಪ್ರದಕ್ಷಿಣೆ ಬರುವಾಗ ಅಂಗಾಲಿಗೆ ತಾಗುತ್ತಿದ್ದ ಕಲ್ಲಿನ ಬಿಸಿ ಈಗ ತಾಗಿತು. ನೋಡಿಕೊಂಡರೆ ಚಪ್ಪಲಿ ಬಿಟ್ಟಿದ್ದಳು. ಯಾವಾಗ ಬಿಟ್ಟಳೋ ಗೊತ್ತಿಲ್ಲ. ಜಗುಲಿಯ ಬುಡದಲ್ಲಿ ಚಪ್ಪಟೆ ಕಲ್ಲೊಂದರ ಮೇಲೆ ಉದ್ದ ಹಸಿರೆಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ಮೂರು ಪೊಟ್ಟಣಗಳಿದ್ದವು. ಅಮ್ಮ ಬಾಳೆಲೆಯಲ್ಲಿ ಪ್ರಸಾದ ಕಟ್ಟಿಸಿಕೊಂಡು ಬರುತ್ತಿದ್ದದ್ದೂ ಹೀಗೆಯೇ, ಇಷ್ಟೇ ಗಾತ್ರ. ದೇವರ ಮುಂದೆ ಹೋಗಿ ಬರಿಗೈಯಲ್ಲಿ ಬರಬಾರದು ಎನ್ನುತ್ತಿದ್ದಳು ಅಮ್ಮ. ಒಂದು ಹೂವಿನೆಸಳಾದರೂ ಸರಿ, ಕಣ್ಣಿಗೊತ್ತಿ ತಲೆಯಲ್ಲಿ ಮುಡಿಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯೇ ಇರಲಿಲ್ಲ. ನಳಿನಿ ಬಗ್ಗಿ, ಕೊನೆಯದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ತಣ್ಣಗಿತ್ತು. ಒಳಗೆ ಏನೋ ಗಟ್ಟಿ, ಅದರ ಸುತ್ತ ಏನೋ ಮೆತ್ತಗೆ. ಯಾರಿಗೂ ಏನೂ ಕೇಡಾಗದಿರಲಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುವಾಗ ರಜನಿಯ ಮುಖ ಬಂದದ್ದೂ ನಿಜ. ಅಷ್ಟು ನಿರ್ಮಲವಾಗಿ ಅವಳು ಬಹಳ ವರ್ಷಗಳಿಂದ ಯಾವ ದೇವರ ಮುಂದೆಯೂ ನಿಂತಿರಲಿಲ್ಲ. ಪೊಟ್ಟಣವನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು.

ಅದಾಗಿ ಕಾಲು ಗಂಟೆಯೂ ಆಗಿರಲಿಲ್ಲ. ಅಗಲವಾದ ಟೋಪಿ ಹಾಕಿಕೊಂಡ, ಆ ಊರಿನವಳೇ ಆದ ವಯಸ್ಸಾದ ಗೈಡ್ ಹೆಂಗಸು ಪ್ರವಾಸಿಗಳನ್ನು ನೆರಳಲ್ಲಿ ಸೇರಿಸಿಕೊಂಡು ಮಾತಾಡುತ್ತಿದ್ದಳು. ನಳಿನಿಯೂ ಹೋಗಿ ಹಿಂದೆ ನಿಂತಳು. ಇಲ್ಲಿ ಜನ ಈಗಲೂ ಬರುತ್ತಾರೆ ಎಂದಳು ಗೈಡ್. ತಮ್ಮವರಿಗಾಗಿ, ಇರುವವರಿಗಾಗಿ, ಹೋದವರಿಗಾಗಿ ಎಲೆಯಲ್ಲಿ ಕಟ್ಟಿ ಇಡುತ್ತಾರೆ. ಒಳಗೇನಿದೆಯೆಂದು ಇಟ್ಟವರಿಗೆ ಮಾತ್ರ ಗೊತ್ತು. ನಮ್ಮಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ಅದು ತಾನಾಗಿ ಮಣ್ಣಾಗಬೇಕು. ದನಿಯಲ್ಲಿ ಸಿಟ್ಟಿರಲಿಲ್ಲ, ಯಾರನ್ನೂ ನೋಡಿ ಹೇಳಲಿಲ್ಲ. ನಳಿನಿಯ ಕಿವಿ ಕಾದುಹೋಯಿತು. ಗುಂಪಿನಲ್ಲಿ ಹಣೆಗೆ ಕುಂಕುಮವಿಟ್ಟು ಚೂಡಿದಾರ ತೊಟ್ಟವಳು ತಾನೊಬ್ಬಳೇ. ಬರಿಗಾಲಲ್ಲಿ ನಿಂತವಳೂ ತಾನೊಬ್ಬಳೇ. ಮಾಡಬೇಕಾದದ್ದು ಇಷ್ಟೇ: ಜಿಪ್ ತೆಗೆಯುವುದು, ನಾಲ್ಕು ಹೆಜ್ಜೆ ಹೋಗುವುದು, ಇಟ್ಟು ಬರುವುದು. ಆದರೆ ಇಡಬೇಕಾದರೆ ತೆಗೆದದ್ದು ಕಾಣಬೇಕು. ಶಾರ್ಟ್ಸ್ ತೊಟ್ಟ ಬಿಳಿಯರು ನೋಡುತ್ತಾರೆ, ಇಂಡಿಯಾದವಳು ಗುಡಿಯಲ್ಲಿ ಕದ್ದಳು ಎಂದುಕೊಳ್ಳುತ್ತಾರೆ. ಎಲ್ಲರೂ ಹೋಗಲಿ ಎಂದು ಕಾದಳು. ಗೈಡ್ ಹೋಗಲಿಲ್ಲ, ಕಲ್ಲಿನ ಮೇಲೆ ಕೂತು ನೀರಿನ ಬಾಟಲಿ ತೆಗೆದಳು. ಅಷ್ಟರಲ್ಲಿ ಗಿರಿಧರ್ ಬಂದು, "ಇಲ್ಲೇ ನಿಂತ್ಕೊ, ಬೆಳಕು ಚೆನ್ನಾಗಿದೆ," ಎಂದು ಅದೇ ಚಪ್ಪಟೆ ಕಲ್ಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಅವಳು ನಕ್ಕಳು. ವಿಮಾನ ಹತ್ತುವಾಗ ಗಿಡ, ಹಣ್ಣು, ಎಲೆ ಏನಾದರೂ ಇದೆಯೇ ಎಂದು ಕೇಳಿದವನಿಗೂ ನಕ್ಕು ಇಲ್ಲ ಎಂದಳು.

ಆ ನಗು ಈಗ ಗೋಡೆಯ ಮೇಲೆ, ಆಳೆತ್ತರಕ್ಕಿಂತ ದೊಡ್ಡದಾಗಿ. ಅದಕ್ಕೆ ಮುಂಚಿನ ಫೋಟೋದಲ್ಲಿ ಬರೀ ಕಲ್ಲು, ಕಲ್ಲಿನ ಮೇಲೆ ಮೂರು ಪೊಟ್ಟಣ. ಗಿರಿಧರ್ ದೂರದಿಂದಲೇ ಯಾವಾಗಲೋ ತೆಗೆದದ್ದು. ಇದರಲ್ಲಿ ನಳಿನಿ, ಕಲ್ಲು, ಎರಡು ಪೊಟ್ಟಣ. "ಆಂಟಿ ಎಷ್ಟು ಚೆನ್ನಾಗಿ ಬಂದಿದ್ದಾರೆ," ಎಂದರು ಯಾರೋ. ಗುಂಡಿಯ ಸದ್ದಾಯಿತು, ಜಲಪಾತವೊಂದು ಬಂತು. ಮುಗಿಯಿತು ಎಂದು ನಳಿನಿ ಉಸಿರು ಬಿಟ್ಟಳು. "ಅಂಕಲ್," ಎಂದಳು ರಜನಿ ಕತ್ತಲಲ್ಲಿ, "ಹಿಂದಿನ್ದಕ್ಕೆ ಹೋಗ್ತೀರಾ ಒಂದ್ಸಲ? ಅಲ್ಲ, ಅದಕ್ಕೂ ಹಿಂದಿನ್ದು. ಆ ಎಲೆಯಲ್ಲಿ ಕಟ್ಟಿರೋದು ಏನು?" ಗಿರಿಧರನಿಗೆ ಯಾರಾದರೂ ಪ್ರಶ್ನೆ ಕೇಳಿದರೇ ಖುಷಿ. "ಓ ಅದಾ! ಅದು ಅವರ ಪ್ರಸಾದ. ನಿಮ್ಮ ಆಂಟಿ ಬಿಡ್ತಾಳಾ? ಒಂದು ತಂದಿದ್ದಾಳೆ. ದೇವರ ಮನೇಲಿದೆ ನೋಡಿ, ಬೇಕಾದ್ರೆ." ಗೈಡ್ ಹೇಳಿದ್ದನ್ನು ಅವನು ಕೇಳಿರಲಿಲ್ಲ, ನಳಿನಿ ಹೇಳಿರಲೂ ಇಲ್ಲ. ಗೋಡೆಯ ಮೇಲೆ ಮೂರು ಪೊಟ್ಟಣಗಳು ಹಾಗೇ ನಿಂತವು. ಕಡ್ಡಿಗಳ ಸದ್ದು ನಿಂತಿತು.

"ಪ್ರಸಾದ ತಂದೀರೇನ್ರಿ?" ಎಂದಳು ಸುಮಿತ್ರವ್ವ. "ಅಷ್ಟು ದೂರದ ದೇವರದು, ಸಮುದ್ರದ ದಂಡ್ಯಾಗಿಂದು. ನಮ್ಮ ರಜನಿ ಉಡ್ಯಾಗ ಹಾಕ್ರಿ ಯವ್ವಾ, ನಿಮ್ಮ ಕೈಯಾರೆ. ಹೋದ ಸಲ ಯಾರ ಕಣ್ಣು ಬಿತ್ತೋ ಏನೋ. ಈ ಸಲ ಆ ದೇವರಾದರೂ ಕಾಯಲಿ." ನಾಗರಾಜ "ಅವ್ವಾ" ಎಂದು ಗದರಿದ. ಹೋದ ವರ್ಷದ ಮಾತನ್ನು ಎಲ್ಲರೆದುರು ಎತ್ತಬಾರದೆಂದು ಅವರ ಮನೆಯಲ್ಲಿ ಒಪ್ಪಂದವಾಗಿದ್ದಿರಬೇಕು. ರಜನಿ ಗೋಡೆಯನ್ನೇ ನೋಡುತ್ತಿದ್ದಳು.

ಊಟವಾಯಿತು. ಬ್ಲೈಂಡುಗಳು ಮೇಲೆ ಹೋಗಿ ನಿಜವಾದ ಹಗಲು ಒಳಗೆ ಬಂದಾಗ ಎಲ್ಲರೂ ನಿದ್ದೆಯಿಂದ ಎದ್ದವರಂತೆ ಕಣ್ಣು ಕಿರಿದು ಮಾಡಿದರು. ನಳಿನಿ ಬಡಿಸಿದಳು, ತುಪ್ಪ ಹಾಕಿದಳು, ಬೂಂದಿ ಹಾಕಿದಳು, ಮತ್ತೊಂದು ಸ್ವಲ್ಪ ಎಂದು ಒತ್ತಾಯ ಮಾಡಿದಳು. ಬಿಸಿ ತುಪ್ಪವನ್ನು ನುಂಗಲೂ ಆಗದು, ಉಗುಳಲೂ ಆಗದು. ಕೊಟ್ಟುಬಿಟ್ಟರೆ ಆಯಿತು, ಒಂದು ಒಣಗಿದ ಎಲೆ, ಯಾರಿಗೆ ಗೊತ್ತಾಗುತ್ತದೆ? ಮನೆಯಿಂದಲೂ ಹೋಗುತ್ತದೆ, ಮನಸ್ಸಿನಿಂದಲೂ ಹೋಗುತ್ತದೆ. ಆದರೆ ಉಡಿಗೆ ಹಾಕಿದ್ದನ್ನು ಯಾರೂ ವಾಪಸು ಕೇಳುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ, ಅದನ್ನು ಹತ್ತು ಜನಕ್ಕೆ ಹೇಳಿಕೊಟ್ಟವಳು ತಾನೇ. ಹೋದವರಿಗಾಗಿ ಯಾರೋ ಇಟ್ಟದ್ದು ಬಸುರಿಯ ಮಡಿಲಿಗೆ ಹೋಗಿ ಅಲ್ಲಿಯೇ ಉಳಿಯುತ್ತದೆ. ಸುಮಿತ್ರವ್ವ ಅದನ್ನು ಬಿಚ್ಚಿಯೂ ಬಿಚ್ಚುತ್ತಾಳೆ. ಪ್ರಸಾದ ಎಂದ ಮೇಲೆ ಬಾಯಿಗೆ ಹಾಕಿಕೊಳ್ಳಬೇಕಲ್ಲ. ನಳಿನಿ ತಾನೇ ಒಂದು ಬೆಳಗ್ಗೆ ಬಿಚ್ಚಲು ಹೋಗಿದ್ದಳು. ನಾರನ್ನು ಸುತ್ತಿದ ಮೇಲೆ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದ್ದರು. ಬಿಚ್ಚುವುದಕ್ಕೆಂದು ಹಾಕಿದ ಗಂಟಲ್ಲ. ಹಾಕುವಾಗ ಕೈ ನಡುಗಿತ್ತೋ ಏನೋ, ಒಂದು ಸುತ್ತು ತಪ್ಪಿ ಪಕ್ಕಕ್ಕೆ ಜಾರಿತ್ತು. ರಾಣಿಯ ಕೌದಿಯ ಆ ವಕ್ರ ಹೊಲಿಗೆ ನೆನಪಾಗಿ ಅವಳು ಅದನ್ನು ಹಾಗೆಯೇ ಕೆಳಗಿಟ್ಟಿದ್ದಳು. ಬೇರೆ ಏನಾದರೂ ಎಲೆಯಲ್ಲಿ ಕಟ್ಟಿ ಕೊಟ್ಟರೆ? ಫ್ರಿಜ್ಜಿನಲ್ಲಿ ಬಾಳೆಲೆ ಇದೆ, ಕಲ್ಲುಸಕ್ಕರೆ ಇದೆ. ಇಂಥ ಯೋಚನೆ ತನಗೆ ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕುವಾಗ ಚಮಚ ಬಟ್ಟಲಿಗೆ ತಾಗಿ ಟಣ್ಣೆಂದಿತು.

ಗಂಡಸರು ಮತ್ತೆ ಲ್ಯಾಪ್‌ಟಾಪಿನ ಸುತ್ತ ಸೇರಿ ಕ್ಯಾಮೆರಾದ ಬೆಲೆಯ ಮಾತಿಗೆ ಬಿದ್ದರು. ದೇವರ ಕೋಣೆಯಲ್ಲಿ ಮೂವರು ಹೆಂಗಸರು. ಹಿಂದೆ ಅದು ಬಟ್ಟೆಯ ಕ್ಲಾಸೆಟ್ ಆಗಿತ್ತು, ಮೂವರು ನಿಂತರೆ ಉಸಿರಿಗೆ ಉಸಿರು ತಾಗುತ್ತದೆ. ಸುಮಿತ್ರವ್ವ ಮಂಟಪಕ್ಕೆ ಕೈಮುಗಿದು, ರಜನಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, "ಸೀರಿ ಉಟ್ಕೊ ಅಂದ್ರ ಕೇಳಲಿಲ್ಲ ನೋಡ್ರಿ, ಈಗ ಈ ವೇಲಿನಾಗ ಉಡಿ ತುಂಬಸ್ಕೊಳ್ಳೋದಾತು," ಎಂದಳು. ರಜನಿ ಹೆಗಲ ಮೇಲಿನ ವೇಲನ್ನು ಮುಂದಕ್ಕೆ ತಂದು, ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈಯಿಂದ ಹಿಡಿದು ನಿಂತಳು. ನಳಿನಿ ಅರಿಶಿನ ಕುಂಕುಮ ಹಚ್ಚಿದಳು. ರವಿಕೆಯ ಕಣ ಇಟ್ಟಳು, ತೆಂಗಿನಕಾಯಿ ಇಟ್ಟಳು, ಎಲೆ ಅಡಿಕೆ ಇಟ್ಟಳು. ಮೇಲೆ ಒಂದು ವಿಮಾನ ಬಹಳ ಕೆಳಗೆ ಹಾದು, ಮಂಟಪದ ಪುಟ್ಟ ಗಂಟೆ ತಾನಾಗಿ ಅದುರಿತು.

"ಅಕ್ಕಿಗಿಂತ ಮೊದಲ ಆ ಪ್ರಸಾದ ಹಾಕ್ರಿ," ಎಂದಳು ಸುಮಿತ್ರವ್ವ.

ನಳಿನಿ ಪೊಟ್ಟಣವನ್ನು ಎತ್ತಿಕೊಂಡಳು. ಈಗ ಮೊದಲಿನಷ್ಟು ಭಾರವಿರಲಿಲ್ಲ, ಎಲೆ ಒಣಗಿ ಅಂಗೈಯಲ್ಲಿ ಕರಕರ ಎಂದಿತು. ರಜನಿಯ ಮಡಿಲು ಒಂದು ಗೇಣಿನಷ್ಟು ದೂರದಲ್ಲಿತ್ತು. ಕೈ ಮುಂದಕ್ಕೆ ಹೋಯಿತು. ಹೋಗಿ, ಅಲ್ಲಿಯೇ ನಿಂತಿತು.

"ಇದು ಪ್ರಸಾದ ಅಲ್ಲ," ಎಂದಳು. ಎಲ್ಲಕ್ಕೂ ಉತ್ತರ ಹೇಳುತ್ತಿದ್ದ ಅವಳ ಆ ದನಿ ಎಲ್ಲಿಗೋ ಹೋಗಿತ್ತು. "ಯಾರೋ ತಮ್ಮವರಿಗೆ ಅಂತ ಇಟ್ಟಿದ್ರು. ಮುಟ್ಟಬಾರದು ಅಂತೆ. ನಂಗೆ ಮೊದಲು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ಆದರೂ ವಾಪಸ್ ಇಡಲಿಲ್ಲ. ಜನ ನೋಡ್ತಾರೆ ಅಂತ ನಾಚಿಕೆ ಆಯ್ತು. ತಗೊಂಡ್ ಬಂದ್ಬಿಟ್ಟೆ. ಇದನ್ನ ನಿನ್ನ ಮಡಿಲಿಗೆ ಹಾಕೋಕೆ ನನ್ನಿಂದ ಆಗಲ್ಲ ರಜನಿ."

ಸುಮಿತ್ರವ್ವನ ಮುಖ ಬಿಗಿಯಿತು. "ಹಂಗಾರ ದೇವರ ಮುಂದ ಯಾಕ ಇಟ್ಟೀರಿ?" ಎಂದಳು. ಹೊರಗಿನ ಕೋಣೆಯಿಂದ ಗಿರಿಧರನ ನಗು ಕೇಳಿಸಿತು. ನಳಿನಿಗೆ ತಾನು ಮತ್ತೆ ಆ ಕರಿಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಹಾಗಾಯಿತು. ನೋಡುವವರು ಈಗ ಇಬ್ಬರೇ, ಆದರೆ ಅಲ್ಲಿಗಿಂತ ಹತ್ತಿರ.

ರಜನಿ ಪೊಟ್ಟಣವನ್ನೇ ನೋಡುತ್ತಿದ್ದಳು. ವೇಲು ಹಿಡಿದ ಕೈಗಳನ್ನು ಅವಳು ಇಳಿಸಲಿಲ್ಲ.

"ನಾನೂ ಒಂದು ಇಟ್ಟಿದ್ದೆ ಆಂಟಿ," ಎಂದಳು. "ಲೂಯಿಸ್‌ವಿಲ್ ಲೇಕ್ ಹತ್ರ. ಪಿಕ್‌ನಿಕ್ ಟೇಬಲ್‌ಗಳನ್ನ ದಾಟಿ ಮುಂದೆ ಹೋದ್ರೆ ಒಂದು ದೊಡ್ಡ ಕಲ್ಲಿದೆ. ನೀವು ಏನೂ ಇಲ್ಲ ಅಂದ್ರಲ್ಲ, ಅದಕ್ಕೆ ನಾನೇ ಏನೋ ಒಂದು ಮಾಡೋಣ ಅಂದ್ಕೊಂಡೆ. ಇಂಡಿಯನ್ ಸ್ಟೋರಿಂದ ಬಾಳೆಲೆ ತಂದು ಅದ್ರಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ನಾಗರಾಜ್‌ಗೂ ಹೇಳಲಿಲ್ಲ."

"ಏನು ಇಟ್ಟಿದ್ದಿ?" ಎಂದಳು ಸುಮಿತ್ರವ್ವ.

ರಜನಿ ಅತ್ತೆಯ ಕಡೆ ತಿರುಗಲಿಲ್ಲ. "ಹಸಿರು ಕುಲಾಯಿ, ಅತ್ತೆ."

ಮುದುಕಿಯ ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕಿ, ಕೊನೆಗೆ ಸೊಸೆಯ ಬೆನ್ನಿನ ಮೇಲೆ ಕೂತಿತು.

"ಆ ಕಲ್ಲು ನೀರಿಗಿಂತ ತುಂಬಾ ಮೇಲಿದೆ ಆಂಟಿ, ನೀರು ಅಲ್ಲಿವರೆಗೂ ಬರಲ್ಲ. ಮುಂದಿನ ಶನಿವಾರ ಹೋದೆ, ಇರಲಿಲ್ಲ. ಕೆಳಗೆ ಬಿದ್ದಿರಬೇಕು ಅಂತ ಸುತ್ತ ಎಲ್ಲಾ ಹುಡುಕಿದೆ. ಅದರ ಮುಂದಿನ ವಾರಾನೂ ಹೋದೆ. ತುಂಬಾ ದಿನ ಹೋಗ್ತಾ ಇದ್ದೆ. ಆಫೀಸಿಂದ ಸೀದಾ ಹೋಗಿ ಒಂದ್ಸಲ ನೋಡ್ಕೊಂಡು ಬರೋದು." ಅವಳ ದನಿ ಎಲ್ಲೂ ಏರಲಿಲ್ಲ, ಬೇರೆ ಯಾರಿಗೋ ದಾರಿ ಹೇಳುತ್ತಿರುವವಳ ಹಾಗಿತ್ತು. ಆಮೇಲೆ ಮೊದಲ ಸಲ ಅವಳು ತಲೆಯೆತ್ತಿ ನಳಿನಿಯ ಮುಖ ನೋಡಿದಳು. "ಇವರೂ ಬಂದು ಹುಡುಕಿರ್ತಾರೆ, ಅಲ್ವಾ ಆಂಟಿ?"

ನಳಿನಿಗೆ ಆ ಕಲ್ಲು ಕಂಡಿತು. ಗಾಳಿ, ಎರಡು ಪೊಟ್ಟಣ, ಅವುಗಳ ಪಕ್ಕದಲ್ಲಿ ಬಗ್ಗಿ ನಿಂತು ಕಲ್ಲಿನ ಸಂದಿಗಳಲ್ಲಿ ಕೈಯಾಡಿಸುತ್ತಿರುವ ಒಬ್ಬಳು. ಮುಖ ಕಾಣಲಿಲ್ಲ. ನಾಲ್ಕು ಹೆಜ್ಜೆಯ ದೂರದಲ್ಲಿ ಕೈಚೀಲ ಹಿಡಿದು ನಗುತ್ತ ನಿಂತ ತಾನೂ ಕಾಣಿಸಿದಳು.

"ಹೂಂ," ಎಂದಳು.

ಹೊರಗಿನಿಂದ ಗಿರಿಧರ್, ಕಾಫಿ ಆಗುತ್ತಾ ಎಂದು ಕೂಗಿ ಕೇಳಿದ. ರಜನಿ ಒಂದು ಕೈಯಲ್ಲಿ ವೇಲನ್ನು ಒತ್ತಿ ಹಿಡಿದು, ಇನ್ನೊಂದು ಕೈ ಚಾಚಿ, ನಳಿನಿಯ ಅಂಗೈಯಿಂದ ಪೊಟ್ಟಣವನ್ನು ಬಹಳ ಮೆಲ್ಲಗೆ ತೆಗೆದುಕೊಂಡಳು. ಮಡಿಲಿಗೆ ಹಾಕಿಕೊಳ್ಳಲಿಲ್ಲ, ಬಿಚ್ಚಲೂ ಇಲ್ಲ. ಪಕ್ಕಕ್ಕೆ ಜಾರಿದ್ದ ನಾರಿನ ಸುತ್ತನ್ನು ಹೆಬ್ಬೆರಳಿನಿಂದ ಸರಿಯಾಗಿ ಮೇಲಕ್ಕೆ ಕೂರಿಸಿ ವಾಪಸು ಕೊಟ್ಟಳು.

"ನೀವೇ ಹೋಗಿ ಇಟ್ಟು ಬನ್ನಿ," ಎಂದಳು. "ಪೋಸ್ಟ್ ಮಾಡಬೇಡಿ."

ನಳಿನಿ ತಲೆಯಾಡಿಸಿದಳು. ಪೊಟ್ಟಣವನ್ನು ಮಂಟಪದಲ್ಲಿಡದೆ ಎಡಗೈಯಲ್ಲೇ ಹಿಡಿದುಕೊಂಡಳು. ಉಡಿ ಇನ್ನೂ ಅರ್ಧಕ್ಕೇ ನಿಂತಿತ್ತು. ಕಾಯಿ, ಕಣ, ಎಲೆ ಅಡಿಕೆಗಳ ಭಾರಕ್ಕೆ ರಜನಿಯ ವೇಲು ಕೆಳಕ್ಕೆ ಜಗ್ಗುತ್ತಿತ್ತು. "ಅಕ್ಕಿ ಹಾಕ್ರಿ," ಎಂದಳು ಸುಮಿತ್ರವ್ವ, ಸೆರಗಿನಿಂದ ಮೂಗು ಒರೆಸಿಕೊಂಡು. "ಆಕಿ ಎಷ್ಟೊತ್ತು ನಿಲ್ಲಬೇಕು." ಉಡಿಯ ಅಕ್ಕಿಯನ್ನು ಬೊಗಸೆಯಲ್ಲೇ ಹಾಕಬೇಕು, ಒಂದು ಕೈಯಲ್ಲಿ ಹಾಕುವುದಲ್ಲ. ನಳಿನಿ ಬಲಗೈಯೊಂದನ್ನೇ ಅಕ್ಕಿಯ ತಟ್ಟೆಗಿಟ್ಟು ಏನು ಮಾಡಬೇಕೆಂದು ತೋಚದೆ ನಿಂತಳು. ಸುಮಿತ್ರವ್ವ ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ತಂದು ನಳಿನಿಯ ಕೈಗೆ ಜೋಡಿಸಿ ಬೊಗಸೆ ಮಾಡಿದಳು. ಇಬ್ಬರೂ ಸೇರಿ ಅಕ್ಕಿ ಎತ್ತಿ ಹಾಕಿದರು.